ಟೊಮ್ಯಾಟೊ ಗಿಡಕ್ಕೆ ಇರೋ ಪರೀಕ್ಷೆ ಗದ್ದೆ ಮನುಷ್ಯನಿಗೆ ಯಾಕಿಲ್ಲ?

ಟೊಮ್ಯಾಟೊ ಬೆಳೆದವರಿಗೆಲ್ಲ ಈ ಪರೀಕ್ಷೆ ಗೊತ್ತು. ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನಕ್ಕೆ ಎಲೆ ಜೋತುಬಿಟ್ಟು ನಿಂತರೆ ಬುಡದ ಹತ್ತಿರ ಕಾಂಡ ಕೊಯ್ದು, ಗಾಜಿನ ಲೋಟದ ನೀರಿಗೆ ಇಳಿಬಿಟ್ಟು ನೋಡ್ತೀವಿ. ಸ್ವಲ್ಪ ಹೊತ್ತಿಗೆ ಕೊಯ್ದ ಜಾಗದಿಂದ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಇಳಿಯದಿದ್ದರೆ ಬೇರೆ ಏನೋ ಇದೆ, ಬೇರೆ ಔಷಧಿ ನೋಡಬೇಕು. ಬಾಳೆಗೂ ಹಾಗೇ. ನಂಜನಗೂಡು ರಸಬಾಳೆಯನ್ನು ಪನಾಮ ರೋಗ ತಿಂದುಹಾಕಿದ ಊರಿನವರು ನಾವು. ಎಲೆ ಹಳದಿಯಾದರೆ ಸಾಕು, ಕಾಂಡ ಸೀಳಿ ಒಳಗೆ ಕೆಂಪು-ಕಂದು ಗೆರೆ ಇದೆಯಾ ನೋಡೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂದರೆ ಮಣ್ಣಿನಿಂದ ಬರೋ ರೋಗ ಅಂದರೇನು ಅಂತ ನಮಗೆ ಗೊತ್ತು. ಕಾಣದೇ ಇರುತ್ತೆ, ನೀರಿನ ಜೊತೆ ಹರಡುತ್ತೆ, ಪರೀಕ್ಷೆ ಮಾಡದೆ ಔಷಧಿ ಹೊಡೆದರೆ ದುಡ್ಡೂ ಹೋಗುತ್ತೆ ಗಿಡವೂ ಹೋಗುತ್ತೆ.

ಈಗ ನನ್ನ ಪ್ರಶ್ನೆ. ಅದೇ ಹೊಲದಲ್ಲಿ, ಅದೇ ಕೆಸರಲ್ಲಿ ನಿಂತ ಮನುಷ್ಯನಿಗೆ ಜ್ವರ ಬಂದರೆ ಯಾಕೆ ಕಾರಣ ಹುಡುಕದೆ ಇಂಜೆಕ್ಷನ್ ಹೊಡೆಸಿಕೊಂಡು ಮನೆಗೆ ಬರ್ತೀವಿ? ಐದು ರೂಪಾಯಿ ಸಸಿಗೆ ಲೋಟದ ಪರೀಕ್ಷೆ ಇದೆ. ಮನೆ ಯಜಮಾನನಿಗೆ ಯಾಕಿಲ್ಲ?

ಇದನ್ನು ಬರೆಯೋಕೆ ಕಾರಣ ಒಂದು ಕಾಯಿಲೆ. ಹೆಸರು ಮೆಲಿಯಾಯ್ಡೋಸಿಸ್. ಹೆಸರು ಬಾಯಿಗೆ ಸಿಗದಿದ್ದರೆ ಬಿಡಿ, ಕೆಲಸ ತಿಳ್ಕೊಳ್ಳಿ. ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಅನ್ನೋ ಬ್ಯಾಕ್ಟೀರಿಯಾದಿಂದ ಬರುತ್ತೆ. ಅದು ಮನುಷ್ಯನಿಗಾಗಿ ಕಾದು ಕೂತಿರೋ ಹುಳ ಅಲ್ಲ. ಅದರ ಮನೆ ತೇವದ ಮಣ್ಣು, ನಿಂತ ನೀರು, ಭತ್ತದ ಗದ್ದೆ. ಒಣ ಕಾಲದಲ್ಲಿ ಆಳದ ಮಣ್ಣಲ್ಲಿ ಇದ್ದುಕೊಂಡು, ಮಳೆ ಬಿದ್ದು ನೀರು ನಿಂತಾಗ ಮೇಲಿನ ಪದರಕ್ಕೆ ಬರುತ್ತೆ. ಕಾಲಿನ ಗಾಯ, ಬಿರುಕು, ಮುಳ್ಳು ಚುಚ್ಚಿದ ಜಾಗದಿಂದ ಒಳಗೆ ಹೋಗುತ್ತೆ. ಜೋರು ಗಾಳಿ-ಮಳೆಯಲ್ಲಿ ಉಸಿರಿನ ಮೂಲಕವೂ ಹೋಗಬಹುದು, ಶುದ್ಧ ಮಾಡದ ನೀರು ಕುಡಿದರೂ ಹೋಗಬಹುದು. ಒಬ್ಬರಿಂದ ಒಬ್ಬರಿಗೆ ಹರಡೋದು ತೀರಾ ಕಡಿಮೆ. ಆದ್ದರಿಂದ ರೋಗಿಯನ್ನು ಕಂಡು ಓಡಿಹೋಗೋ ಕಾಯಿಲೆ ಇದಲ್ಲ.

ಟೊಮ್ಯಾಟೊ ಸೊರಗಿನ ಮಾತು ಮೊದಲು ಎತ್ತಿದ್ದು ಸುಮ್ಮನೆ ಅಲ್ಲ. ಟೊಮ್ಯಾಟೊ ಸಾಯಿಸೋ ಬ್ಯಾಕ್ಟೀರಿಯಾದ ಹೆಸರು ರಾಲ್ಸ್ಟೋನಿಯಾ. ಅದೂ ಇದೂ ಒಂದು ಕಾಲದಲ್ಲಿ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಯುಡೊಮೊನಾಸ್ ಅನ್ನೋ ಒಂದೇ ಕುಲದಲ್ಲಿದ್ದವು. 1992ರಲ್ಲಿ ಎರಡನ್ನೂ ತೆಗೆದು ಬರ್ಖೋಲ್ಡೇರಿಯಾಗೆ ಸೇರಿಸಿದರು, ಆಮೇಲೆ ಟೊಮ್ಯಾಟೊದ್ದನ್ನು ಬೇರೆ ಮಾಡಿದರು. ಅಂದರೆ ದಾಯಾದಿಗಳು. ಒಂದು ಗಿಡ ಹಿಡೀತು, ಇನ್ನೊಂದು ಮನುಷ್ಯನನ್ನು ಹಿಡೀತು.

ಇಲ್ಲಿ ಒಂದು ಎಚ್ಚರ. ಬಾಳೆ, ಅರಿಶಿನ, ಶುಂಠಿ ಗೆಡ್ಡೆಗೆ ಅಂತ ಸ್ಯುಡೊಮೊನಾಸ್ ಪುಡಿ ತಂದು ಬಳಸ್ತೀವಲ್ಲ, ಅದು ಸ್ಯುಡೊಮೊನಾಸ್ ಫ್ಲೂರೊಸೆನ್ಸ್. ಬೇರೆ ಜೀವಿ, ಬೆಳೆಗೆ ಉಪಕಾರಿ. ಹೆಸರು ಹತ್ತಿರ ಇದೆ ಅಂತ ನಾಳೆ ಯಾರೂ ಪುಡಿ ಡಬ್ಬ ಎಸೆಯಬೇಡಿ. ಆದರೆ ಈ ಹೆಸರಿನ ಗೊಂದಲ ಆಸ್ಪತ್ರೆಯ ಲ್ಯಾಬಿನಲ್ಲೂ ಇದೆ. ಆ ವಿಷಯಕ್ಕೆ ಮುಂದೆ ಬರ್ತೀನಿ.

"ಅದು ಅಪರೂಪದ ಕಾಯಿಲೆ ಬಿಡಿ" ಅಂತಾರೆ. ನನ್ನ ಜಗಳ ಇರೋದೇ ಈ ಮಾತಿನ ಜೊತೆ.

ಅಪರೂಪ ಅಂತ ಯಾವಾಗ ಹೇಳಬಹುದು? ಹುಡುಕಿ, ಎಣಿಸಿ, ಕಡಿಮೆ ಸಿಕ್ಕಿದ ಮೇಲೆ. ಹುಡುಕದೇ ಇರೋದನ್ನು ಅಪರೂಪ ಅಂದರೆ ಅದು ಲೆಕ್ಕ ಅಲ್ಲ, ಸೋಮಾರಿತನ. ಬಾವಿಗೆ ಹಗ್ಗ ಬಿಡದೆ ನೀರಿಲ್ಲ ಅಂದ ಹಾಗೆ.

ಈ ಕಾಯಿಲೆ ಮೊದಲು ಗುರುತಾಗಿದ್ದು ಇಂಗ್ಲೆಂಡಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. ರಂಗೂನಿನಲ್ಲಿ, 1911ರಲ್ಲಿ. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ಡಾಕ್ಟರ್ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಜೊತೆಗಿದ್ದ ಸಿ.ಎಸ್. ಕೃಷ್ಣಸ್ವಾಮಿ ಹೆಣ ಕೊಯ್ದು ನೋಡುವಾಗ ಶ್ವಾಸಕೋಶ, ಪಿತ್ತಕೋಶ, ಗುಲ್ಮದಲ್ಲಿ ಕೀವಿನ ಗಡ್ಡೆ ಕಂಡರು. 1912ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಇಬ್ಬರ ಹೆಸರಲ್ಲೂ ವರದಿ ಬಂತು. ಕೃಷ್ಣಸ್ವಾಮಿ ಅನ್ನೋ ಹೆಸರಿನವರು ಮೊದಲ ವರದಿಯಲ್ಲೇ ಇದ್ದ ಕಾಯಿಲೆಯನ್ನು ನೂರು ವರ್ಷ ಆದಮೇಲೂ ಹೊರದೇಶದ ಕಾಯಿಲೆ ಅನ್ನೋದು ಹೇಗೆ?

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಉಡುಪಿ, ಮಂಗಳೂರು ಕಡೆ ಇದು ಗೊತ್ತಿರೋ ಕಾಯಿಲೆ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನವರು ವರ್ಷಗಳಿಂದ ಇದನ್ನು ಹುಡುಕಿ, ಬೆಳೆಸಿ, ಬರೆದು ಪ್ರಕಟಿಸ್ತಿದ್ದಾರೆ. ಮಳೆಗಾಲದಲ್ಲಿ ಜ್ವರ ಬಂದ ಶುಗರ್ ರೋಗಿ ಅಂದರೆ ಅಲ್ಲಿ ಈ ಹೆಸರು ತಲೆಗೆ ಬರುತ್ತೆ. ತಮಿಳುನಾಡಿನಲ್ಲಿ ವೇಲೂರಿನ ಸಿಎಂಸಿ ಆಸ್ಪತ್ರೆಯವರೂ ಹಾಗೇ. ಎಲ್ಲಿ ಹುಡುಕಿದರೋ ಅಲ್ಲಿ ಸಿಕ್ಕಿದೆ. ಬ್ಯಾಕ್ಟೀರಿಯಾಗೆ ಮೆಡಿಕಲ್ ಕಾಲೇಜಿನ ಪಕ್ಕದ ಮಣ್ಣೇ ಇಷ್ಟ ಅಂತೇನಿಲ್ಲ.

2016ರಲ್ಲಿ ವಿಜ್ಞಾನಿಗಳು ಜಗತ್ತಿನ ಒಟ್ಟು ಅಂದಾಜು ಮಾಡಿದರು. ವರ್ಷಕ್ಕೆ ಸುಮಾರು 1,65,000 ಜನಕ್ಕೆ ಬರುತ್ತೆ, 89,000 ಜನ ಸಾಯ್ತಾರೆ. ಇದರಲ್ಲಿ ನೂರಕ್ಕೆ 44 ಪಾಲು ದಕ್ಷಿಣ ಏಷ್ಯಾದ್ದು. ಇದು ಅಂದಾಜು, ತಲೆ ಎಣಿಕೆ ಅಲ್ಲ. ಆದರೂ ಇಷ್ಟು ಸಾವಿನ ಅಂದಾಜು ಇರೋ ಕಾಯಿಲೆಯನ್ನು ಅಪರೂಪ ಅಂತ ಪಕ್ಕಕ್ಕೆ ಇಡೋಕೆ ಧೈರ್ಯ ಬೇಕು.

"ಅದು ಕರಾವಳಿ ಕಾಯಿಲೆ, ನಮ್ಮ ಬಯಲಿಗೆ ಬರಲ್ಲ" ಅನ್ನೋರಿಗೆ ಉತ್ತರ ಥಾಯ್ಲೆಂಡಿನಲ್ಲಿದೆ. ಅಲ್ಲಿ ಈ ಕಾಯಿಲೆ ಹೆಚ್ಚು ಇರೋದು ಉಬೊನ್ ರಾಚತಾನಿ ಇರುವ ಈಶಾನ್ಯ ಭಾಗದಲ್ಲಿ. ಸಮುದ್ರ ದೂರ, ಸುತ್ತ ಬರೀ ಭತ್ತದ ಗದ್ದೆ, ಮಾಡೋರು ಸಣ್ಣ ರೈತರು. ಕೇಳೋಕೆ ನಮ್ಮ ಊರಿನ ಹಾಗೇ ಇಲ್ಲವೇ? ನಮ್ಮ ಕಪಿಲೆ ಹುಟ್ಟೋದು ವಯನಾಡಿನ ಮಳೆಯಲ್ಲಿ. ಬೀಚನಹಳ್ಳಿ ಅಣೆಕಟ್ಟೆ ದಾಟಿ ಬಂದು ನಂಜನಗೂಡಿನ ಅಚ್ಚುಕಟ್ಟು ತೋಯಿಸಿ ತಿರುಮಕೂಡಲಲ್ಲಿ ಕಾವೇರಿ ಸೇರೋವರೆಗೆ ಎಷ್ಟು ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತೆ? ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ, ಕಬಿನಿ ಬಲದಂಡೆ, ವರುಣಾ ನಾಲೆ... ಇಷ್ಟು ನೀರಾವರಿ ಗದ್ದೆ ಇಟ್ಟುಕೊಂಡು ನಮಗೂ ಗದ್ದೆ ಕಾಯಿಲೆಗೂ ಸಂಬಂಧ ಇಲ್ಲ ಅನ್ನೋಕಾಗಲ್ಲ.

ಇನ್ನೊಂದು ಮಾತು: "ನಮ್ಮ ತಾತ ಬರಿಗಾಲಲ್ಲೇ ತೊಂಬತ್ತು ವರ್ಷ ಬದುಕಿದ." ಸಂತೋಷ. ತೊಂಬತ್ತು ಬದುಕಿದ ತಾತ ಮಾತ್ರ ನೆನಪಲ್ಲಿ ಇರ್ತಾನೆ. ನಲವತ್ತಕ್ಕೆ "ವಿಷಜ್ವರ" ಬಂದು ಹೋದ ಅವನ ತಮ್ಮನ ಕಾರಣ ಯಾರು ಬರೆದಿಟ್ಟರು? ಎರಡನೇದು, ತಾತನಿಗೆ ಶುಗರ್ ಇರಲಿಲ್ಲ. ನಮಗಿದೆ. ಈ ಕಾಯಿಲೆ ಆರೋಗ್ಯವಾಗಿರೋ ಮೈಗೆ ಹೊಕ್ಕರೂ ಎಷ್ಟೋ ಸಲ ಏನೂ ಮಾಡದೆ ಸುಮ್ಮನಾಗುತ್ತೆ. ಅದು ಹಿಡಿಯೋದು ಹೆಚ್ಚಾಗಿ ಶುಗರ್ ಇರೋರನ್ನ, ಕಿಡ್ನಿ ಕೆಟ್ಟವರನ್ನ, ವಿಪರೀತ ಕುಡಿಯೋರನ್ನ, ಸ್ಟೆರಾಯ್ಡ್ ಮಾತ್ರೆ ತಗೊಳ್ಳೋರನ್ನ. ಬೇರೆ ಬೇರೆ ದೇಶದ ಲೆಕ್ಕ ನೋಡಿದರೂ ರೋಗಿಗಳಲ್ಲಿ ಅರ್ಧದಷ್ಟು ಅಥವಾ ಹೆಚ್ಚು ಜನ ಸಕ್ಕರೆ ಕಾಯಿಲೆಯವರು. ಗದ್ದೆ ಹಳೇದು, ಬ್ಯಾಕ್ಟೀರಿಯಾ ಹಳೇದು, ಅದರಲ್ಲಿ ಇಳಿಯೋ ಮೈ ಮಾತ್ರ ಹೊಸದು. ನಮ್ಮ ಬೀದಿಯಲ್ಲಿ ಐವತ್ತು ದಾಟಿದವರ ಪೈಕಿ ಎಷ್ಟು ಜನ ಬೆಳಿಗ್ಗೆ ಮೆಟ್‌ಫಾರ್ಮಿನ್ ನುಂಗಿ ಗದ್ದೆಗೆ ಹೋಗ್ತಾರೆ, ನೀವೇ ಎಣಿಸಿ. ಶುಗರ್ ಹೆಚ್ಚಾದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತೆ. ಗಾಜು ಚುಚ್ಚಿದ್ದು ಸಾಯಂಕಾಲ ಕಾಲು ತೊಳೆಯುವಾಗ ಗೊತ್ತಾಗೋದು.

"ಟಿಟಿ ಇಂಜೆಕ್ಷನ್ ಹಾಕಿಸಿದ್ದೀನಿ" ಅನ್ನೋದು ಮೂರನೇ ಮಾತು. ಟಿಟಿ ಕೆಲಸ ಮಾಡೋದು ಧನುರ್ವಾಯುವಿಗೆ ಮಾತ್ರ. ಅದೂ ಮಣ್ಣಿನ ಬ್ಯಾಕ್ಟೀರಿಯಾನೇ, ಹಾಕಿಸಲೇಬೇಕು. ಆದರೆ ಮೆಲಿಯಾಯ್ಡೋಸಿಸ್‌ಗೆ ಲಸಿಕೆ ಇಲ್ಲ. ಒಂದು ಬೀಗ ಹಾಕಿ ಎಲ್ಲ ಬಾಗಿಲೂ ಭದ್ರ ಅಂದುಕೊಳ್ಳಬೇಡಿ.

ಈಗ ಜ್ವರದ ದಾರಿ ನೋಡೋಣ. ಯಾವ ಆಸ್ಪತ್ರೆಯ ಹೆಸರನ್ನೂ ನಾನು ಹೇಳ್ತಿಲ್ಲ. ನನ್ನ ದೂರು ಒಬ್ಬ ಡಾಕ್ಟರ ಮೇಲಲ್ಲ, ನಾವೆಲ್ಲ ಸೇರಿ ರೂಢಿ ಮಾಡಿರೋ ಪದ್ಧತಿ ಮೇಲೆ.

ನಾಟಿ ಮುಗಿದು ಒಂದೆರಡು ವಾರ. ಮೈ ಬಿಸಿ, ಚಳಿ, ಕೆಮ್ಮು. ಮೊದಲು ಮೆಡಿಕಲ್ ಸ್ಟೋರಿನ ಮಾತ್ರೆ. ಆಮೇಲೆ ಕ್ಲಿನಿಕ್, ಸೊಂಟಕ್ಕೊಂದು ಇಂಜೆಕ್ಷನ್, ಗ್ಲೂಕೋಸ್ ಬಾಟಲು. ಎರಡು ದಿನ ತಣ್ಣಗಾಗಿ ಮತ್ತೆ ಜ್ವರ. ಡೆಂಗಿ ಪರೀಕ್ಷೆ, ಟೈಫಾಯ್ಡ್ ಪರೀಕ್ಷೆ. ಮನೆಯವರು ಮೈಸೂರಿಗೆ ಕರೆದುಕೊಂಡು ಹೋಗೋ ಹೊತ್ತಿಗೆ ಉಸಿರು ಕಟ್ಟುತ್ತಿರುತ್ತೆ. ಎದೆ ಎಕ್ಸ್‌ರೇ ನೋಡಿದರೆ ನ್ಯುಮೋನಿಯಾ ಹಾಗೆ, ಇಲ್ಲ ಕ್ಷಯದ ಹಾಗೆ. ಹೊಟ್ಟೆ ಸ್ಕ್ಯಾನ್ ಮಾಡಿದರೆ ಪಿತ್ತಕೋಶದಲ್ಲೋ ಗುಲ್ಮದಲ್ಲೋ ಕೀವಿನ ಗಡ್ಡೆ. ಕೆಲವರಿಗೆ ಮಂಡಿ ಕೀಲು ಊದಿಕೊಳ್ಳುತ್ತೆ, ಗಂಡಸರಿಗೆ ಪ್ರಾಸ್ಟೇಟ್‌ನಲ್ಲಿ ಕೀವಾಗಬಹುದು, ಮಕ್ಕಳಿಗೆ ಕೆನ್ನೆಯ ಪಕ್ಕದ ಗ್ರಂಥಿ ಊದಬಹುದು. ಇನ್ನು ಕೆಲವರಿಗೆ ಯಾವ ಗಡಿಬಿಡಿಯೂ ಇಲ್ಲ, ತಿಂಗಳುಗಟ್ಟಲೆ ಕೆಮ್ಮು, ಮೈ ಇಳಿಯೋದು. ಕಫದಲ್ಲಿ ಕ್ಷಯದ ಹುಳು ಸಿಗದಿದ್ದರೂ ಕ್ಷಯದ ಮಾತ್ರೆ ಶುರುವಾಗುತ್ತೆ. ಆ ಮಾತ್ರೆಗೆ ಇದು ಜಗ್ಗಲ್ಲ.

ಔಷಧಿ ವಿಷಯದಲ್ಲಿ ಈ ಬ್ಯಾಕ್ಟೀರಿಯಾ ಬಲು ಗಟ್ಟಿ. ಪೆನಿಸಿಲಿನ್ ನಾಟಲ್ಲ. ಜೆಂಟಾಮೈಸಿನ್ ಸಾಮಾನ್ಯವಾಗಿ ನಾಟಲ್ಲ. ಎಲ್ಲ ಜ್ವರಕ್ಕೂ ಹಾಕೋ ಸೆಫ್‌ಟ್ರಯಾಕ್ಸೋನ್ ಇದಕ್ಕೆ ನಂಬಿಕೆಯ ಔಷಧಿ ಅಲ್ಲ. ಇದಕ್ಕೆ ಬೇಕಿರೋದು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್, ಅದೂ ರಕ್ತನಾಳದ ಮೂಲಕ ಕನಿಷ್ಠ ಹತ್ತು-ಹದಿನಾಲ್ಕು ದಿನ. ಆಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು. ಇದನ್ನು ನಾನು ಬರೀತಿರೋದು ನೀವು ಅಂಗಡಿಯಲ್ಲಿ ಕೇಳಿ ತಗೊಳ್ಳೋಕೆ ಅಲ್ಲ. ಕೈಯಾರೆ ಚಿಕಿತ್ಸೆ ಮಾಡಿಕೊಂಡರೆ ಇನ್ನೂ ಕೆಡುತ್ತೆ. ಬರೆದಿದ್ದು ಯಾಕಂದ್ರೆ, ಔಷಧಿ ಇದೆ, ಭಾರತದಲ್ಲೇ ಸಿಗುತ್ತೆ. ಇಲ್ಲದಿರೋದು ಔಷಧಿಯಲ್ಲ, ಹೆಸರು. ಕಾಯಿಲೆ ಹೆಸರು ಸಿಗದೆ ಸರಿಯಾದ ಬಾಟಲು ಹಚ್ಚೋರು ಯಾರು?

ಹೆಸರು ಸಿಗೋದು ಕಲ್ಚರ್ ಪರೀಕ್ಷೆಯಲ್ಲಿ. ರಕ್ತವನ್ನೋ ಕೀವನ್ನೋ ಕಫವನ್ನೋ ತಗೊಂಡು ಅದರಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋದು. ಬೀಜ ಮೊಳಕೆ ಪರೀಕ್ಷೆ ಇದ್ದಂಗೆ. ಬಿತ್ತಿ, ಕಾದು, ಏನು ಹುಟ್ಟಿತು ಅಂತ ನೋಡೋದು. ಕೆಲವು ದಿನ ಹಿಡಿಯುತ್ತೆ. ಇದರಲ್ಲಿ ಎರಡು ಕಡೆ ಎಡವಟ್ಟಾಗುತ್ತೆ.

ಮೊದಲನೇದು, ಇಂಜೆಕ್ಷನ್ ಮೊದಲು ಬೀಳುತ್ತೆ, ರಕ್ತ ಆಮೇಲೆ ತೆಗೀತಾರೆ. ಔಷಧಿ ಬಿದ್ದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಕಳೆನಾಶಕ ಹೊಡೆದು ಆಮೇಲೆ ಯಾವ ಕಳೆ ಇತ್ತು ಅಂತ ಹುಡುಕಿದಂಗೆ. ರಕ್ತ ತೆಗೆಯೋಕೆ ಬೇಕಿರೋದು ಐದು ನಿಮಿಷ. ಅದಕ್ಕಾಗಿ ಚಿಕಿತ್ಸೆ ತಡ ಮಾಡಿ ಅಂತ ನಾನು ಹೇಳ್ತಿಲ್ಲ. ರಕ್ತ ತೆಗೆದು ತಕ್ಷಣ ಔಷಧಿ ಕೊಡಲಿ. ಕ್ರಮ ಮಾತ್ರ ಸರಿಯಿರಲಿ: ಮೊದಲು ರಕ್ತ, ಆಮೇಲೆ ಇಂಜೆಕ್ಷನ್.

ಎರಡನೇದು ಹೆಸರಿನ ಗೊಂದಲ, ಆಗಲೇ ಹೇಳಿದ್ದು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆದರೂ ಇದನ್ನು ನೋಡಿ ಪಳಗದ ಕಣ್ಣಿಗೆ ಅದು ಸಾಮಾನ್ಯ ಸ್ಯುಡೊಮೊನಾಸ್ ಹಾಗೆ ಕಾಣಬಹುದು. ಇಲ್ಲದಿದ್ದರೆ "ಹೊರಗಿನಿಂದ ಸೇರಿದ ಕಲಬೆರಕೆ" ಅಂತ ಬಿಸಾಕಬಹುದು. ಹೊಲದಲ್ಲಿ ಭತ್ತದ ಸಸಿ ಯಾವುದು, ಭತ್ತದಂಗೇ ಕಾಣೋ ಕಳೆ ಯಾವುದು ಅಂತ ಹೊಸಬರಿಗೆ ತಿಳಿಯಲ್ಲವಲ್ಲ, ಹಾಗೆ. ಇದಕ್ಕೆ ದುಬಾರಿ ಯಂತ್ರವೇ ಬೇಕು ಅಂತಿಲ್ಲ. ಅನುಮಾನ ಬಂದಾಗ ಮೂರು ಔಷಧಿ ಬಿಲ್ಲೆ ಇಟ್ಟು ನೋಡೋ ಸರಳ ಪರೀಕ್ಷೆ ಇದೆ. ಜೆಂಟಾಮೈಸಿನ್‌ಗೆ ಸಾಯಲ್ಲ, ಕೊಲಿಸ್ಟಿನ್‌ಗೆ ಸಾಯಲ್ಲ, ಆದರೆ ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತೆ. ಹೀಗೆ ಕಂಡರೆ ಮೆಲಿಯಾಯ್ಡೋಸಿಸ್ ಇರಬಹುದು ಅಂತ ಎಚ್ಚರಾಗಿ, ಖಚಿತ ಮಾಡೋ ಲ್ಯಾಬಿಗೆ ಕಳಿಸಬೇಕು. ನಮ್ಮ ಲೋಟದ ಪರೀಕ್ಷೆಯ ಅಣ್ಣನಂಥದ್ದು ಇದು.

ಹುಡುಕಿದರೆ ಎಷ್ಟು ಜೀವ ಉಳಿಯುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ಆಸ್ಟ್ರೇಲಿಯಾದ ಡಾರ್ವಿನ್ ಊರಲ್ಲಿ 1989ರಿಂದ ಪ್ರತಿ ರೋಗಿಯನ್ನೂ ಬರೆದಿಡ್ತಾ ಬಂದರು. ಮೂವತ್ತು ವರ್ಷಕ್ಕೆ 1,148 ಜನ. ಮೊದಲ ಐದು ವರ್ಷ ನೂರಕ್ಕೆ 31 ಜನ ಸತ್ತಿದ್ದರು. ಕೊನೆ ಐದು ವರ್ಷ ನೂರಕ್ಕೆ 6. ಬ್ಯಾಕ್ಟೀರಿಯಾ ಅದೇ, ಮಳೆ ಅದೇ, ಮಣ್ಣು ಅದೇ. ಬದಲಾಗಿದ್ದು ಬೇಗ ಗುರುತಿಸೋದು, ಸರಿಯಾದ ಔಷಧಿ, ಒಳ್ಳೆ ಐಸಿಯು. ಥಾಯ್ಲೆಂಡಿನ ಉಬೊನ್‌ನಲ್ಲೂ ಹಾಗೇ. ಸೆಫ್ಟಾಜಿಡೈಮ್ ಕೊಟ್ಟು ನೋಡಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ತೀವ್ರ ರೋಗಿಗಳಲ್ಲಿ ಹಳೇ ಔಷಧಿಯಲ್ಲಿ ನೂರಕ್ಕೆ 74 ಸಾವಿದ್ದದ್ದು 37ಕ್ಕೆ ಇಳಿಯಿತು. ಸರಿಯಾಗಿ ಅರ್ಧ.

ಇನ್ನು ಅಮೆರಿಕ ನೋಡಿ. 2021ರಲ್ಲಿ ಅಲ್ಲಿ ನಾಲ್ಕು ಬೇರೆ ಬೇರೆ ರಾಜ್ಯದಲ್ಲಿ ನಾಲ್ಕೇ ನಾಲ್ಕು ಜನಕ್ಕೆ ಈ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ಯಾರೂ ಹೊರದೇಶಕ್ಕೆ ಹೋದವರಲ್ಲ. ಬ್ಯಾಕ್ಟೀರಿಯಾದ ವಂಶವಾಹಿ ನೋಡಿ ದಕ್ಷಿಣ ಏಷ್ಯಾ ಕಡೆಯದು ಅಂತ ಕಂಡರು. ಮನೆ ಮನೆಗೆ ಹೋಗಿ ಸೋಪು, ನೀರು, ಮಣ್ಣು ಎಲ್ಲ ಪರೀಕ್ಷಿಸಿದರು. ಕೊನೆಗೆ ಒಂದು ಮನೆಯಲ್ಲಿ ಕೋಣೆಗೆ ಸಿಂಪಡಿಸೋ ಸುವಾಸನೆ ಬಾಟಲಿಯಲ್ಲಿ ಸಿಕ್ಕಿತು. ಆ ಬಾಟಲು ತಯಾರಾಗಿದ್ದು ಭಾರತದಲ್ಲಿ. ಸುಮಾರು 3,900 ಬಾಟಲು ವಾಪಸ್ ತರಿಸಿದರು. ಮರುವರ್ಷ, 2022ರಲ್ಲಿ, ಮಿಸಿಸಿಪ್ಪಿ ಕರಾವಳಿಯಲ್ಲಿ ಎರಡು ವರ್ಷದ ಅಂತರದಲ್ಲಿ ಇಬ್ಬರಿಗೆ ಬಂದಿದ್ದಕ್ಕೆ ಮನೆ ಸುತ್ತಲ ಮಣ್ಣು, ಗುಂಡಿ ನೀರು ತೆಗೆದು ನೋಡಿ ಅಲ್ಲಿನ ಮಣ್ಣಲ್ಲೇ ಇದೆ ಅಂತ ಕಂಡುಹಿಡಿದು ದೇಶದ ಡಾಕ್ಟರುಗಳಿಗೆಲ್ಲ ಎಚ್ಚರಿಕೆ ಕಳಿಸಿದರು.

ಅಲ್ಲಿ ನಾಲ್ಕು ಜನರ ಜೀವಕ್ಕೆ ನಾಲ್ಕು ರಾಜ್ಯ ಜಾಲಾಡ್ತಾರೆ. ನಮ್ಮದು ಸಾವಿರ ರೋಗಿ ಆದಮೇಲೂ "ಅಪರೂಪ". ಅವರಿಗೆ ಅಪರೂಪ ಅಂದ್ರೆ ಗಮನ ಕೊಡಬೇಕಾದ್ದು. ನಮಗೆ ಅಪರೂಪ ಅಂದ್ರೆ ಬಿಟ್ಟುಬಿಡಬಹುದಾದ್ದು. ವ್ಯತ್ಯಾಸ ಕಾಯಿಲೆಯಲ್ಲಿಲ್ಲ, ಯಾರ ಜೀವ ಅನ್ನೋದರಲ್ಲಿದೆ.

ಬರೀ ಸರ್ಕಾರ, ಡಾಕ್ಟರು ಅಂತ ಬೆರಳು ತೋರಿಸಿ ಮುಗಿಸೋಕೆ ನನಗೆ ಮನಸ್ಸಿಲ್ಲ. ನಮ್ಮ ಕಡೆಯಿಂದ ಆಗಬೇಕಾದ್ದೂ ಇದೆ.

ಕೆಸರಿಗೆ ಇಳಿಯೋರು ಯಾರು? ಜಮೀನು ಪಹಣಿ ನಮ್ಮ ಹೆಸರಲ್ಲಿದೆ, ನಾಟಿ ಮಾಡೋದು ಹೆಣ್ಣಾಳುಗಳು. ಬೆಳಿಗ್ಗೆಯಿಂದ ಸಂಜೆವರೆಗೆ ಮಂಡಿ ಕೆಸರಲ್ಲಿ ಬಗ್ಗಿ ನಿಲ್ಲೋರು ಅವರು. ಕಾಲ್ಬೆರಳ ಸಂದಿ ಹುಣ್ಣಾಗಿ ಬಿರಿದಿದ್ದರೂ ಒಂದು ದಿನದ ಕೂಲಿ ಬಿಡೋಕಾಗಲ್ಲ ಅಂತ ಇಳೀತಾರೆ. ಟ್ರ್ಯಾಕ್ಟರಿಗೆ, ಗೊಬ್ಬರಕ್ಕೆ, ಊಟಕ್ಕೆ ಲೆಕ್ಕ ಇಡೋ ನಾವು ಒಂದು ಸೋಪು, ಒಂದು ಕೊಡ ಶುದ್ಧ ನೀರು, ಒಂದು ಪೆಟ್ಟಿಗೆ ಪ್ಲಾಸ್ಟರ್‌ಗೆ ಲೆಕ್ಕ ಇಡಲ್ಲ. ಇದು ನಾಚಿಕೆ ವಿಷಯ.

ಗಮ್‌ಬೂಟ್ ಹಾಕಿ ಅಂತ ಪುಸ್ತಕದಲ್ಲಿ ಬರೆದಿರುತ್ತೆ. ಎರೆ ಮಣ್ಣಿನ ಕೆಸರಲ್ಲಿ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತೆ ಅಂತ ಪುಸ್ತಕ ಬರೆದವರಿಗೆ ಗೊತ್ತಿಲ್ಲ. ಸರಿ, ನಾಟಿಗೆ ಬೂಟು ಆಗಲ್ಲ ಅಂತ ಒಪ್ಪೋಣ. ಆದರೆ ಬದು ಕಡಿಯೋಕೆ, ನೀರು ಕಟ್ಟೋಕೆ, ಗೊಬ್ಬರ ಎರಚೋಕೆ, ಕಬ್ಬಿನ ತೋಟಕ್ಕೆ ಬೂಟು ಆಗುತ್ತೆ. ಆಗೋ ಕಡೆ ಹಾಕೋಣ.

ಮಾಡಬಹುದಾದ್ದು ಇಷ್ಟು:

1. ಶುಗರ್ ಇದ್ದು ಕಾಲಲ್ಲಿ ತೆರೆದ ಗಾಯ ಇರೋರು ಮಾಯೋವರೆಗೆ ಕೆಸರಿಗೆ ಇಳಿಯಬಾರದು. ಬದಲಿಗೆ ಬದುವಿನ ಮೇಲಿನ ಕೆಲಸ ಕೊಡಿ, ಕೂಲಿ ಕತ್ತರಿಸಬೇಡಿ.
2. ಸಣ್ಣ ಗಾಯಕ್ಕೆ ನೀರು ಹೋಗದ ಪ್ಲಾಸ್ಟರ್ ಹಾಕಿ. ಕೆಸರಿನಿಂದ ಮೇಲೆ ಬಂದ ತಕ್ಷಣ ಸೋಪು ಹಾಕಿ ಶುದ್ಧ ನೀರಲ್ಲಿ ತೊಳೆದು, ಬೆರಳ ಸಂದಿ ಒರೆಸಿ. ಅದೇ ನಾಲೆ ನೀರಲ್ಲಿ ತೊಳೆದರೆ ತೊಳೆದಂಗಲ್ಲ.
3. ಹೊಲದಲ್ಲಿ ನಾಲೆ ನೀರು ಕುಡಿಯಬೇಡಿ. ಕುದಿಸಿದ್ದೋ ಫಿಲ್ಟರ್‌ದೋ ತಗೊಂಡು ಹೋಗಿ.
4. ಕೆಸರಲ್ಲಿ ಕೆಲಸ ಮಾಡಿ ಮೂರು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ನೀವೇ ಹೇಳಿ: "ನಾನು ಗದ್ದೆಯಲ್ಲಿದ್ದೆ, ಶುಗರ್ ಇದೆ, ಕಾಲಲ್ಲಿ ಗಾಯ ಇತ್ತು." ಇಲಿಜ್ವರಕ್ಕೂ ಇದೇ ಮಾತು ಉಪಯೋಗಕ್ಕೆ ಬರುತ್ತೆ. ಮೂರು ವಾರ ದಾಟಿದ ಮೇಲೂ ಬರಬಹುದು, ಅಪರೂಪಕ್ಕೆ ವರ್ಷಗಳ ನಂತರವೂ. ಆದ್ದರಿಂದ ಹಳೇ ಗದ್ದೆ ಕೆಲಸವನ್ನೂ ಹೇಳಿ.
5. ಅಡ್ಮಿಟ್ ಆಗೋ ಮಟ್ಟದ ಜ್ವರ ಇದ್ದರೆ "ಇಂಜೆಕ್ಷನ್‌ಗೆ ಮೊದಲು ಬ್ಲಡ್ ಕಲ್ಚರ್ ತಗೊಳ್ತೀರಾ ಸಾರ್" ಅಂತ ಕೇಳಿ. ಕೇಳೋದು ತಪ್ಪಲ್ಲ. ಗಡ್ಡೆಯಿಂದ ಕೀವು ತೆಗೆದರೆ ಅದನ್ನೂ ಕಲ್ಚರ್‌ಗೆ ಕಳಿಸಿ ಅನ್ನಿ.
6. ಮೂರು ತಿಂಗಳ ಮಾತ್ರೆ ಕೊಟ್ಟರೆ ಮೂರು ತಿಂಗಳೂ ನುಂಗಿ. ಕೊಯ್ಲು ಬಂತು, ಮೈ ಹಗುರಾಯ್ತು ಅಂತ ಅರ್ಧಕ್ಕೆ ಬಿಟ್ಟರೆ ಮರುಕಳಿಸುತ್ತೆ. ಬೇರು ಬಿಟ್ಟು ಕಳೆ ಕಿತ್ತಂಗೆ. ಮೈಮೇಲೆ ಗಂಧೆ ಎದ್ದರೆ ಮಾತ್ರೆ ತಾವೇ ನಿಲ್ಲಿಸದೆ ಅದೇ ದಿನ ಡಾಕ್ಟರನ್ನು ಕಾಣಿ.

ಮಾಡಬಾರದ್ದೂ ಒಂದಿದೆ. ಇದನ್ನು ಓದಿ ಗದ್ದೆಗೆ ಬ್ಲೀಚಿಂಗ್ ಪುಡಿ ಸುರಿಯೋಕೆ ಹೋಗಬೇಡಿ. ಮಣ್ಣಲ್ಲಿರೋ ಬ್ಯಾಕ್ಟೀರಿಯಾ ಅಷ್ಟೂ ಶತ್ರು ಅಲ್ಲ. ನಮ್ಮ ಬೆಳೆ ನಿಂತಿರೋದೇ ಅವುಗಳ ಮೇಲೆ. ಮಣ್ಣಿಗೆ ಹೆದರೋದಲ್ಲ, ಗಾಯಕ್ಕೆ ಹೆದರೋದು. ನಮ್ಮ ಕಾವಲು ಮಣ್ಣಿನ ಮೇಲೆ ಅಲ್ಲ, ಚರ್ಮದ ಮೇಲೆ ಮತ್ತು ಶುಗರ್ ಮೇಲೆ. ಶುಗರ್ ಹತೋಟಿಯಲ್ಲಿ ಇಟ್ಟುಕೊಳ್ಳೋದೇ ಎಲ್ಲಕ್ಕಿಂತ ದೊಡ್ಡ ಬೂಟು.

ಸರ್ಕಾರಕ್ಕೆ ಕೇಳಬೇಕಾದ್ದನ್ನೂ ಕೇಳೋಣ. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ಇರೋ ಜ್ವರದ ರೋಗಿಗೆ ಔಷಧಿಗೆ ಮೊದಲು ಬ್ಲಡ್ ಕಲ್ಚರ್ ಅನ್ನೋದು ಬರಹದ ನಿಯಮ ಆಗಬೇಕು. ಬಾಟಲು ಅದೇ ದಿನ ಮೈಸೂರಿನ ಲ್ಯಾಬ್ ಮುಟ್ಟೋ ವ್ಯವಸ್ಥೆ ಬೇಕು. ಲ್ಯಾಬಿನವರಿಗೆ ಮಣಿಪಾಲದಂಥ ಕಡೆ ತರಬೇತಿ ಕೊಡಿಸಬೇಕು. ಮಣ್ಣು ಪರೀಕ್ಷೆ ಅಂತ ಸಾರಜನಕ, ರಂಜಕ, ಪೊಟ್ಯಾಶ್ ನೋಡಿ ಕಾರ್ಡು ಕೊಡ್ತಾರಲ್ಲ, ಅದೇ ಮಣ್ಣಲ್ಲಿ ಇದನ್ನೂ ನೋಡಿ ಫಲಿತಾಂಶವನ್ನು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಇದೆ ಅಂದರೆ ಎಚ್ಚರ ಇರ್ತೀವಿ, ಇಲ್ಲ ಅಂದರೆ ನೆಮ್ಮದಿಯಾಗಿ ಇರ್ತೀವಿ. ಎರಡೂ ಲಾಭವೇ.

ಮಂಗನ ಕಾಯಿಲೆ ನೆನಪಿಸಿಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳೋದನ್ನು, ಜನಕ್ಕೆ ಜ್ವರ ಬರೋದನ್ನು ಯಾರೋ ಗಂಭೀರವಾಗಿ ತಗೊಂಡು ಮಾದರಿ ಕಳಿಸಿದ್ದಕ್ಕೆ ಅದಕ್ಕೊಂದು ಹೆಸರು ಬಂತು. ಹೆಸರು ಬಂದ ಮೇಲೇ ಎಚ್ಚರಿಕೆ, ಸಂಶೋಧನೆ ಎಲ್ಲ. ಹೆಸರಿಲ್ಲದ ಸಾವಿಗೆ ಬಜೆಟ್ಟಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಜೊತೆಗೆ ಈ ಬ್ಲಡ್ ಕಲ್ಚರ್ ವಿಷಯವನ್ನೂ ಒಂದು ಸಾಲು ಬರೆಸಿ. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಅಳಿಸೋದು ಕಷ್ಟ. ಯಾವ ಊರಲ್ಲಿ ಬರೆಸಿದ್ರಿ ಅಂತ ಕೆಳಗೆ ತಿಳಿಸಿ, ಎರಡೂ ತಾಲ್ಲೂಕಿನ ಪಟ್ಟಿ ಮಾಡೋಣ. ಪಟ್ಟಿ ಹಿಡ್ಕೊಂಡು ತಾಲ್ಲೂಕು ಆರೋಗ್ಯಾಧಿಕಾರಿಗಳ ಹತ್ತಿರ ಒಟ್ಟಿಗೆ ಹೋಗೋಣ. ನಾಟಿಗೆ ಬರೋ ಹೆಣ್ಣುಮಕ್ಕಳಲ್ಲಿ ಫೇಸ್‌ಬುಕ್ ನೋಡದವರೇ ಜಾಸ್ತಿ. ಅವರಿಗೆ ಬಾಯಲ್ಲಿ ಹೇಳಿ.